ಊರಿಗೆಲ್ಲ ಸುದ್ದಿ ಮುಟ್ಟಬೇಕಂದ್ರೆ ಮೊದಲು ಯಾರಿಗೆ ಹೇಳ್ಬೇಕು?

2018ರ ಮುಂಗಾರು. ನಮ್ಮದು ದಾವಣಗೆರೆ ಕಡೆ, ಮೆಕ್ಕೆಜೋಳದ ಸೀಮೆ. ಎರಡೂವರೆ ಎಕರೆ ಹಾಕಿದ್ದೆ. ಬೆಳೆ ಮೊಣಕಾಲುದ್ದ ಬಂದಾಗ ಎಲೆ ಮೇಲೆ ಅಲ್ಲಲ್ಲಿ ಬಿಳಿ ಪೊರೆ ಥರ ಗುರುತು ಕಾಣಿಸ್ತು. ಗೊಬ್ಬರ ಕಮ್ಮಿ ಆಗಿರಬೇಕು ಅಂದ್ಕೊಂಡು ಸುಮ್ಮನಾದೆ. ಹತ್ತು ದಿನ ಕಳೆದ ಮೇಲೆ ನೋಡಿದ್ರೆ ಸುಳಿಯೊಳಗೆ ಮರದ ಪುಡಿ ಥರ ಹಿಕ್ಕೆ ತುಂಬಿತ್ತು. ಎಲೆಯೆಲ್ಲ ಚಿಂದಿ ಚಿಂದಿ.

ಅದು ಫಾಲ್ ಸೈನಿಕ ಹುಳು. ನಮ್ಮ ದೇಶದಲ್ಲಿ ಮೊದಲು ಕಂಡಿದ್ದು ಅದೇ ವರ್ಷ, ನಮ್ಮ ಪಕ್ಕದ ಶಿವಮೊಗ್ಗದಲ್ಲೇ. ಹುಳು ಸಣ್ಣದಿರುವಾಗ ಒಂದು ಲೀಟರ್ ನೀರಿಗೆ 0.4 ಗ್ರಾಂ ಎಮಾಮೆಕ್ಟಿನ್ ಬೆಂಜೊಯೇಟ್ 5 ಎಸ್‌ಜಿ ಬೆರೆಸಿ ಸುಳಿಗೆ ಬೀಳುವ ಹಾಗೆ ಹೊಡೆದರೆ ಹತೋಟಿಗೆ ಬರುತ್ತೆ. ದೊಡ್ಡದಾಗಿ ಸುಳಿಯ ಆಳಕ್ಕೆ ಇಳಿದ ಮೇಲೆ ಔಷಧಿ ಅದಕ್ಕೆ ತಾಗೋದೇ ಕಷ್ಟ. ನಾನು ಹೊಡೆದಿದ್ದು ಇಳಿದ ಮೇಲೆ. ಆ ವರ್ಷ ಬೀಜ, ಗೊಬ್ಬರದ ಖರ್ಚು ಹುಟ್ಟಲಿಲ್ಲ.

ಹೊಟ್ಟೆ ಉರಿದಿದ್ದು ಹುಳುವಿನಿಂದಲ್ಲ. ಆಮೇಲೆ ಗೊತ್ತಾಯ್ತು, ಹುಳು ಬಂದಿದೆ, ಸುಳಿ ನೋಡ್ಕೊಳ್ಳಿ ಅಂತ ಎರಡು ವಾರ ಮುಂಚೆನೇ ನಮ್ಮೂರಲ್ಲಿ ಒಂದು ಸಭೆ ಆಗಿತ್ತು! ಊರ ಹಿರಿಯರು, ಸಂಘದವರು, ಏಳೆಂಟು ದೊಡ್ಡ ರೈತರು ಬಂದಿದ್ದರು. ಕರಪತ್ರನೂ ಕೊಟ್ಟಿದ್ದರು. ನಮ್ಮ ದೊಡ್ಡಪ್ಪನೂ ಹೋಗಿದ್ದರು.

"ದೊಡ್ಡಪ್ಪ, ನಂಗೊಂದು ಮಾತು ಹೇಳಬಾರದಿತ್ತಾ?" ಅಂದೆ.

"ಎಲ್ರಿಗೂ ಗೊತ್ತಾಗಿರುತ್ತೆ ಅಂದ್ಕೊಂಡ್ನಪ್ಪಾ. ಕಟ್ಟೆ ಮೇಲೆ ಅದೇ ಮಾತಾಡ್ತಾ ಇದ್ವಲ್ಲ," ಅಂದರು.

ಅವರ ಮಾತು ಸುಳ್ಳಲ್ಲ. ಸಭೆಗೆ ಹೋದವರೆಲ್ಲ ಸಂಜೆ ಅದೇ ಕಟ್ಟೆ ಮೇಲೆ ಕೂರುವವರು. ಸುದ್ದಿ ಅವರಲ್ಲೇ ಸುತ್ತಾಡ್ತು. ಕೆರೆ ಕಡೆಯ ನಮ್ಮ ಬೀದಿಗೆ ಬರಲಿಲ್ಲ.

ಸುದ್ದಿ ಎಲ್ಲಿ ನಿಂತಿತು ಅನ್ನೋ ಪ್ರಶ್ನೆ ತಲೆಯಲ್ಲೇ ಉಳಿದಿತ್ತು. ಉತ್ತರ ಸಿಕ್ಕಿದ್ದು ನಾನು ನಿರೀಕ್ಷಿಸದ ಕಡೆ, ಕಂಪ್ಯೂಟರಿನವರು ಗ್ರಾಫ್, ನೆಟ್‌ವರ್ಕ್ ಅಂತ ಕರೆಯುವ ವಿದ್ಯೆಯಲ್ಲಿ. ಇನ್ನೂ ಆಶ್ಚರ್ಯ ಅಂದ್ರೆ, ಆ ವಿದ್ಯೆಯಲ್ಲಿ ಹೆಸರು ಮಾಡಿದ ಒಂದು ದೊಡ್ಡ ಅಧ್ಯಯನ ನಡೆದಿರೋದು ನಮ್ಮ ಕರ್ನಾಟಕದ ಹಳ್ಳಿಗಳಲ್ಲೇ.

ಚುಕ್ಕಿ ಮತ್ತು ಗೆರೆ

ಗ್ರಾಫ್ ಅಂದ ತಕ್ಷಣ ಶಾಲೆಯ ಗ್ರಾಫ್ ಹಾಳೆ ನೆನಪು ಮಾಡ್ಕೋಬೇಡಿ. ಇದು ಅದಕ್ಕಿಂತ ಸುಲಭ. ಒಂದೊಂದು ಮನೆಗೆ ಒಂದೊಂದು ಚುಕ್ಕಿ. ಎರಡು ಮನೆಗಳ ನಡುವೆ ಕೊಡು-ಕೊಳ್ಳುವ ಬಳಕೆ ಇದ್ದರೆ ಒಂದು ಗೆರೆ. ಅಷ್ಟೇ. ಅಂಗಳದ ರಂಗೋಲಿ ಇದ್ದ ಹಾಗೆ. ಚುಕ್ಕಿಗೆ ನೋಡ್ ಅಂತಾರೆ, ಗೆರೆಗೆ ಎಡ್ಜ್ ಅಂತಾರೆ.

ಡೇಟಾ ಮೈನಿಂಗ್ ಅಂದ್ರೆ ರಾಶಿ ಮಾಹಿತಿಯನ್ನ ಗಣಿ ಅಗೆದ ಹಾಗೆ ಅಗೆದು, ಬೇಕಾದ್ದನ್ನ ಮೇಲೆ ತರೋದು. ಸಾಮಾನ್ಯವಾಗಿ ನಾವು ಪ್ರತಿ ಮನೆಯನ್ನೂ ಬೇರೆ ಬೇರೆಯಾಗಿ ನೋಡ್ತೀವಿ. ಎಷ್ಟು ಎಕರೆ, ಎಷ್ಟು ದನ, ಬೋರ್ ಇದೆಯೋ ಇಲ್ಲವೋ ಅಂತ. ಗ್ರಾಫಿನ ವಿದ್ಯೆ ಅದರ ಜೊತೆಗೆ ಇನ್ನೊಂದು ಕೇಳುತ್ತೆ: ಈ ಮನೆ ಯಾರ ಜೊತೆ ಸೇರಿಕೊಂಡಿದೆ? ಎಷ್ಟೋ ಸಲ ನಿಜ ತಿಳಿಯೋದು ಚುಕ್ಕಿಯಿಂದಲ್ಲ, ಗೆರೆಯಿಂದ.

ನಮ್ಮ ಹಳ್ಳಿಗಳಲ್ಲಿ ಏನು ಮಾಡಿದರು?

2006ರಲ್ಲಿ ದಕ್ಷಿಣ ಕರ್ನಾಟಕದ 75 ಹಳ್ಳಿಗಳಲ್ಲಿ ಸಂಶೋಧಕರು ಮನೆ ಮನೆಗೆ ಹೋಗಿ ಬಳಕೆಯ ಲೆಕ್ಕ ತೆಗೆದರು. ಕೇಳಿದ ಪ್ರಶ್ನೆಗಳು ನಮಗೆಲ್ಲ ಗೊತ್ತಿರುವಂಥವೇ. ನಿಮ್ಮನೆಗೆ ಯಾರು ಬಂದು ಹೋಗ್ತಾರೆ? ನೀವು ಯಾರ ಮನೆಗೆ ಹೋಗ್ತೀರಿ? ಸೀಮೆಎಣ್ಣೆ, ಅಕ್ಕಿ ಕಮ್ಮಿ ಬಿದ್ದರೆ ಯಾರ ಹತ್ತಿರ ಕೇಳ್ತೀರಿ? ಕೈಗಡ ಯಾರು ಕೊಡ್ತಾರೆ? ದೇವಸ್ಥಾನಕ್ಕೆ ಯಾರ ಜೊತೆ ಹೋಗ್ತೀರಿ? ಮೈ ಹುಷಾರಿಲ್ಲದಿದ್ದರೆ ಯಾರನ್ನ ಕೇಳ್ತೀರಿ? ಇಂಥ ಹನ್ನೆರಡು ಥರದ ಸಂಬಂಧ ಬರೆದುಕೊಂಡರು. ಹೀಗೆ ಒಂದೊಂದು ಊರಿಗೂ ಒಂದೊಂದು ಜಾಲದ ನಕ್ಷೆ ಸಿದ್ಧವಾಯ್ತು.

ಆಮೇಲೆ ಭಾರತ ಸ್ವಮುಕ್ತಿ ಸಂಸ್ಥೆ ಅನ್ನೋ ಕಿರುಸಾಲದ ಸಂಸ್ಥೆ ಈ ಪೈಕಿ 43 ಹಳ್ಳಿಗಳಿಗೆ ಹೆಣ್ಣುಮಕ್ಕಳ ಗುಂಪು ಸಾಲ ತಂತು. ಅವರ ಪದ್ಧತಿ ಎಲ್ಲ ಊರಿಗೂ ಒಂದೇ. ಮೊದಲು ಮೇಷ್ಟ್ರು, ಅಂಗಡಿಯವರು, ಸಂಘದ ಮುಖಂಡರು ಇಂಥವರಿಗೆ ಹೇಳೋದು, ಅವರು ಊರಿಗೆ ಹೇಳಬೇಕು. ಸಾಲ ಒಂದೇ, ಪದ್ಧತಿ ಒಂದೇ. ಆದ್ರೂ ಕೆಲವು ಊರಲ್ಲಿ ತುಂಬ ಮನೆಗಳು ಸೇರಿದವು, ಕೆಲವು ಊರಲ್ಲಿ ಸ್ವಲ್ಪವೇ.

ಯಾಕೆ? ಅಭಿಜಿತ್ ಬ್ಯಾನರ್ಜಿ, ಅರುಣ್ ಚಂದ್ರಶೇಖರ್, ಎಸ್ತರ್ ಡುಫ್ಲೊ, ಮ್ಯಾಥ್ಯೂ ಜಾಕ್ಸನ್ ಈ ನಾಲ್ವರು ಇದರ ಉತ್ತರವನ್ನ 2013ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬರೆದರು. ಇವರಲ್ಲಿ ಬ್ಯಾನರ್ಜಿ ಮತ್ತು ಡುಫ್ಲೊ 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಹಂಚಿಕೊಂಡವರು. ಮೊದಲು ಸುದ್ದಿ ಕೇಳಿದವರು ಜಾಲದ ಒಳ್ಳೆ ಜಾಗದಲ್ಲಿ ಇದ್ದ ಊರುಗಳಲ್ಲಿ ಹೆಚ್ಚು ಮನೆಗಳು ಸೇರಿದ್ದವು. ಮೊದಲು ಕೇಳಿದವರು ಜಾಲದ ಅಂಚಿನಲ್ಲಿದ್ದ ಕಡೆ ಸುದ್ದಿ ದಾರಿಯಲ್ಲೇ ಸೊರಗಿತ್ತು.

ನಮ್ಮ ಕಟ್ಟೆ ಕಥೆನೇ ಇದು ಅನ್ನಿಸ್ತು ನನಗೆ.

ಒಳ್ಳೆ ಜಾಗ ಅಂದ್ರೆ ಯಾವುದು?

ಜಾಸ್ತಿ ಗೆಳೆಯರು ಇದ್ದವರೇ ಮುಖ್ಯ ಅನ್ನೋದು ನಮ್ಮ ಮೊದಲ ಊಹೆ. ಆದ್ರೆ ಲೆಕ್ಕ ಬೇರೆ ಹೇಳುತ್ತೆ. ಒಂದು ಸಣ್ಣ ಉದಾಹರಣೆ ಹಾಕಿ ನೋಡೋಣ.

ಒಬ್ಬರಿಗೆ ಐದು ಮನೆಗಳ ಬಳಕೆ ಇದೆ. ಆ ಐದೂ ಮನೆಯವರಿಗೆ ಇವರನ್ನ ಬಿಟ್ಟು ಬೇರೆಯವರ ಬಳಕೆ ಇಲ್ಲ. ಇನ್ನೊಬ್ಬರಿಗೆ ಮೂರೇ ಮನೆಗಳ ಬಳಕೆ, ಆದ್ರೆ ಆ ಮೂರು ಮನೆಗಳಲ್ಲಿ ಒಂದೊಂದಕ್ಕೂ ನಾಲ್ಕು ಮನೆ ಬಳಕೆ ಇದೆ. ಈಗ ಎಲ್ಲ ಮನೆಗೂ ಒಂದೊಂದು ಅಂಕ ಕೊಡಿ. ಪ್ರತಿ ಸುತ್ತಿನಲ್ಲೂ ಒಂದು ಮನೆಯ ಹೊಸ ಅಂಕ ಅಂದ್ರೆ ಅದರ ಬಳಕೆಯ ಮನೆಗಳ ಅಂಕಗಳ ಮೊತ್ತ. ಮೊದಲ ಸುತ್ತಿನಲ್ಲಿ ಮೊದಲನೆಯವರಿಗೆ 5, ಎರಡನೆಯವರಿಗೆ 3. ಎರಡನೇ ಸುತ್ತಿಗೆ ಬನ್ನಿ. ಮೊದಲನೆಯವರ ಐದು ಮನೆಗಳ ಹತ್ತಿರ ಒಂದೊಂದೇ ಅಂಕ ಇರೋದು, ಹಾಗಾಗಿ ಮತ್ತೆ 5. ಎರಡನೆಯವರ ಮೂರು ಮನೆಗಳ ಹತ್ತಿರ ನಾಲ್ಕು ನಾಲ್ಕು ಅಂಕ, ಒಟ್ಟು 12. ನೋಡಿ, ಎರಡೇ ಸುತ್ತಿಗೆ ಲೆಕ್ಕ ತಿರುಗಿಬಿಡ್ತು.

ಅಂದ್ರೆ ನಿಮಗೆ ಎಷ್ಟು ಜನ ಗೊತ್ತು ಅನ್ನೋದಕ್ಕಿಂತ, ನಿಮಗೆ ಗೊತ್ತಿರೋರಿಗೆ ಎಷ್ಟು ಜನ ಗೊತ್ತು ಅನ್ನೋದು ದೊಡ್ಡದು. ಗೂಗಲ್ ಶುರುವಾಗಿದ್ದೇ ಇದಕ್ಕೆ ಹತ್ತಿರದ ಲೆಕ್ಕದಿಂದ. 1998ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಓದುತ್ತಿದ್ದ ಲ್ಯಾರಿ ಪೇಜ್, ಸೆರ್ಗಿ ಬ್ರಿನ್ ಇಬ್ಬರು ಪೇಜ್‌ರ‍್ಯಾಂಕ್ ಅನ್ನೋ ಲೆಕ್ಕ ಮಂಡಿಸಿದರು. ಅಲ್ಲಿ ಮನೆ ಬದಲು ವೆಬ್ ಪುಟ, ಬಳಕೆ ಬದಲು ಲಿಂಕ್. ಮುಖ್ಯವಾದ ಪುಟಗಳು ಯಾವ ಪುಟದ ಕಡೆ ಕೈ ತೋರಿಸುತ್ತವೋ ಅದೂ ಮುಖ್ಯ.

ಈಗಿನ ಮಷೀನ್ ಲರ್ನಿಂಗ್ ಇದರ ಮುಂದಿನ ಹೆಜ್ಜೆ. ನಿಮ್ಮ ಹೊಲ ನಾನು ನೋಡಿಲ್ಲ ಅಂತ ಇಟ್ಕೊಳ್ಳಿ. ಸುತ್ತಲಿನ ನಾಲ್ಕು ಹೊಲಕ್ಕೆ ಹುಳು ಬಿದ್ದಿದೆ ಅಂತ ಗೊತ್ತಾದ್ರೆ ನಿಮ್ಮ ಹೊಲದ ಬಗ್ಗೆ ಒಂದು ಅಂದಾಜು ಮಾಡಬಹುದು. ಆ ನಾಲ್ಕು ಹೊಲದ ಅಕ್ಕಪಕ್ಕದ್ದೂ ಗೊತ್ತಾದ್ರೆ ಅಂದಾಜು ಇನ್ನೂ ಗಟ್ಟಿ. ಗ್ರಾಫ್ ನ್ಯೂರಲ್ ನೆಟ್‌ವರ್ಕ್ ಮಾಡೋದು ಇದನ್ನೇ. ಪ್ರತಿ ಚುಕ್ಕಿ ತನ್ನ ನೆರೆಯ ಚುಕ್ಕಿಗಳಿಂದ ಮಾಹಿತಿ ತಗೊಂಡು ತನ್ನದರ ಜೊತೆ ಬೆರೆಸುತ್ತೆ, ಮತ್ತೊಂದು ಸುತ್ತು ಅದೇ ಕೆಲಸ. ಯಾರ ಮಾತಿಗೆ ಎಷ್ಟು ತೂಕ ಕೊಡಬೇಕು ಅನ್ನೋದನ್ನ ಹಳೆಯ ಉದಾಹರಣೆಗಳಿಂದ ಯಂತ್ರವೇ ಕಲಿಯುತ್ತೆ. ಗೂಗಲ್ ಮ್ಯಾಪಿನಲ್ಲಿ ಇಷ್ಟು ಹೊತ್ತಿಗೆ ತಲುಪ್ತೀರಿ ಅಂತ ಬರುತ್ತಲ್ಲ, ಅದನ್ನ ಚುರುಕು ಮಾಡೋಕೆ ಈ ವಿದ್ಯೆ ಬಳಸ್ತಿದ್ದೀವಿ ಅಂತ ಆ ಕಂಪನಿಯೇ 2020ರಲ್ಲಿ ಹೇಳಿದೆ. ಅಲ್ಲಿ ರಸ್ತೆಯ ತುಂಡುಗಳೇ ಚುಕ್ಕಿ.

ಕಂಪ್ಯೂಟರ್ ಇಲ್ಲದೇನೂ ಆಗುತ್ತೆ

ಇಷ್ಟು ಓದಿ, ಇದೆಲ್ಲ ನಮಗೆಲ್ಲಿ ಆಗುತ್ತೆ, 75 ಊರಿನ ಲೆಕ್ಕ ಯಾರು ಬರೀತಾರೆ ಅಂತ ನಾನೂ ಅಂದ್ಕೊಂಡಿದ್ದೆ. ಆ ಸಂಶೋಧಕರಿಗೂ ಇದೇ ಪ್ರಶ್ನೆ ಬಂತು. ಮನೆ ಮನೆ ಸುತ್ತೋದು ಖರ್ಚಿನ ಕೆಲಸ. ಅದಕ್ಕೆ ಸೀದಾ ಜನರನ್ನೇ ಕೇಳಿ ನೋಡಿದರು: "ಊರಿಗೆಲ್ಲ ಒಂದು ಸುದ್ದಿ ಮುಟ್ಟಿಸಬೇಕು ಅಂದ್ರೆ ಯಾರಿಗೆ ಹೇಳಬೇಕು?" ಜನ ಹೇಳಿದ ಹೆಸರುಗಳನ್ನ ನಕ್ಷೆಯ ಜೊತೆ ಇಟ್ಟು ನೋಡಿದರೆ, ಅವರು ನಿಜವಾಗಲೂ ಜಾಲದ ನಡುವಿನಲ್ಲಿ ಇದ್ದವರೇ! ಕಂಪ್ಯೂಟರ್ ಲೆಕ್ಕ ಹಾಕಿ ಹುಡುಕಬೇಕಾದ್ದನ್ನ ನಮ್ಮ ಜನ ಬಾಯಲ್ಲೇ ಹೇಳಿಬಿಟ್ಟರು.

ಇದನ್ನ ಕರ್ನಾಟಕದ 213 ಹಳ್ಳಿಗಳಲ್ಲಿ ಪರೀಕ್ಷೆ ಮಾಡಿದರು. ಒಂದು ನಂಬರಿಗೆ ಖರ್ಚಿಲ್ಲದೆ ಫೋನ್ ಮಾಡಿದರೆ ಬಹುಮಾನ ಸಿಗುವ ಅವಕಾಶ ಇದೆ ಅನ್ನೋ ಸುದ್ದಿಯನ್ನ ಪ್ರತಿ ಊರಲ್ಲಿ ಕೆಲವರಿಗೆ ಮಾತ್ರ ಹೇಳಿದರು. ಕೆಲವು ಊರಲ್ಲಿ ಚೀಟಿ ಎತ್ತಿದ ಹಾಗೆ ಯಾರೋ ಸಿಕ್ಕವರಿಗೆ, ಕೆಲವು ಊರಲ್ಲಿ ಗೌರವಸ್ಥ ಹಿರಿಯರಿಗೆ, ಕೆಲವು ಊರಲ್ಲಿ "ಇವರಿಗೆ ಹೇಳಿ" ಅಂತ ಜನ ಹೆಸರಿಸಿದವರಿಗೆ. ಹೆಚ್ಚು ಕರೆ ಬಂದಿದ್ದು ಕೊನೆಯ ಗುಂಪಿನ ಊರುಗಳಿಂದ. ಹಿರಿಯರ ಮೂಲಕ ಹೋದ ಸುದ್ದಿ ಯಾರೋ ಸಿಕ್ಕವರ ಮೂಲಕ ಹೋದ ಸುದ್ದಿಗಿಂತ ಮುಂದೆ ಹೋಗಲಿಲ್ಲ.

ಹರಿಯಾಣದ 521 ಹಳ್ಳಿಗಳಲ್ಲಿ ಮಕ್ಕಳ ಲಸಿಕೆ ಶಿಬಿರದ ಸುದ್ದಿ ಹರಡೋಕೆ ಇದೇ ದಾರಿ ಹಿಡಿದರು. ಜನ ಹೆಸರಿಸಿದವರಿಗೆ ಸುದ್ದಿ ಕೊಟ್ಟ ಊರುಗಳಲ್ಲಿ, ಯಾರೋ ಸಿಕ್ಕವರಿಗೆ ಕೊಟ್ಟ ಊರುಗಳಿಗಿಂತ, ತಿಂಗಳಿಗೆ ಲಸಿಕೆ ಹಾಕಿಸಿಕೊಂಡ ಮಕ್ಕಳ ಸಂಖ್ಯೆ ಶೇ 22ರಷ್ಟು ಹೆಚ್ಚಿತ್ತು. 2019ರಲ್ಲಿ ಈ ಫಲಿತಾಂಶ ಪ್ರಕಟವಾಯ್ತು.

ಹಿರಿಯರಿಗೆ ಗೌರವ ಬೇಡ ಅಂತ ಇದರ ಅರ್ಥ ಅಲ್ಲ. ಅವರ ಮಾತಿಗೆ ತೂಕ ಇದೆ. ಆದ್ರೆ ತೂಕ ಇರೋ ಮಾತಿಗೂ ಓಡಾಡೋ ಮಾತಿಗೂ ವ್ಯತ್ಯಾಸ ಇದೆ.

ಸುದ್ದಿಗೆ ಒಂದು ಬಾಯಿ, ಹೊಸ ಪದ್ಧತಿಗೆ ಎರಡು

ಇಲ್ಲಿ ಒಂದು ಸೂಕ್ಷ್ಮ ಇದೆ. ಲಸಿಕೆ ಶಿಬಿರ ಇದೆ ಅನ್ನೋದು ಸುದ್ದಿ, ಒಬ್ಬರು ಹೇಳಿದರೆ ಸಾಕು. ಆದ್ರೆ ಹನಿ ನೀರಾವರಿ ಹಾಕು, ಸಾಲಿನ ಅಂತರ ಬದಲಿಸು ಅಂದ್ರೆ ಒಬ್ಬರ ಮಾತಿಗೆ ನಾವು ಕೈ ಹಾಕ್ತೀವಾ?

ಆಫ್ರಿಕಾದ ಮಲಾವಿ ದೇಶದಲ್ಲಿ 200 ಹಳ್ಳಿಗಳ ಜಾಲ ಬರೆದುಕೊಂಡು ಇದನ್ನೇ ನೋಡಿದರು. ಮಳೆನೀರು ಹಿಡಿಯೋಕೆ ಗುಂಡಿ ತೋಡಿ ಬಿತ್ತುವ ಪದ್ಧತಿ ಕಲಿಸಬೇಕಿತ್ತು. ಮೊದಲು ಯಾವ ರೈತರಿಗೆ ಕಲಿಸೋದು ಅಂತ ಕೆಲವು ಊರಲ್ಲಿ ಕೃಷಿ ಸಿಬ್ಬಂದಿ ಆರಿಸಿದರು, ಕೆಲವು ಊರಲ್ಲಿ ಜಾಲದ ಲೆಕ್ಕ ಆರಿಸಿತು. 2021ರಲ್ಲಿ ಪ್ರಕಟವಾದ ಫಲಿತಾಂಶದ ಸಾರ ಇಷ್ಟು: ಹೆಚ್ಚಿನ ರೈತರು ಒಬ್ಬರಿಗಿಂತ ಹೆಚ್ಚು ಜನರಿಂದ ಕಲಿತ ಮೇಲೆನೇ ಹೊಸದಕ್ಕೆ ಕೈ ಹಾಕ್ತಾರೆ. ಹಾಗಾಗಿ ಕಲಿಸುವ ಇಬ್ಬರನ್ನ ಊರಿನ ಎರಡು ಮೂಲೆಯಿಂದ ಆರಿಸುವುದಕ್ಕಿಂತ, ಇಬ್ಬರ ಬಳಕೆಯೂ ಒಂದೇ ಮನೆಗಳಿಗೆ ಮುಟ್ಟುವ ಹಾಗೆ ಆರಿಸೋದು ಒಳ್ಳೇದು.

ನಮ್ಮ ಕರ್ನಾಟಕದ ಸಾಲದ ಲೆಕ್ಕದಲ್ಲೂ ಹೀಗೇ ಒಂದು ಪಾಠ ಇದೆ. ತಾವೇ ಸಾಲ ತಗೊಂಡವರು, ತಗೊಳ್ಳದವರಿಗಿಂತ ಏಳು ಪಟ್ಟು ಹೆಚ್ಚಾಗಿ ಸುದ್ದಿ ಹೇಳ್ತಾರೆ ಅಂತ ಅಂದಾಜು. ಆದ್ರೆ ತಗೊಳ್ಳದವರ ಸಂಖ್ಯೆ ದೊಡ್ಡದು. ಹಾಗಾಗಿ ಸೇರಿದವರಲ್ಲಿ ಸುಮಾರು ಮೂರನೇ ಒಂದು ಪಾಲು ಅವರ ಬಾಯಿಂದ ಹೋದ ಸುದ್ದಿಯ ಫಲ. ನಂಗೆ ಬೇಡ ಅಂದವರಿಗೂ ಸುದ್ದಿ ಹೇಳಿ, ಅವರ ಮೂಲಕ ಅದು ಬೇಕಾದವರಿಗೆ ಮುಟ್ಟಬಹುದು.

ನಾನು ಮಾಡಿದ್ದು, ನಾನು ತಪ್ಪಿದ್ದು

2022ರಲ್ಲಿ ದನಗಳಿಗೆ ಚರ್ಮಗಂಟು ರೋಗ ಹಬ್ಬಿದಾಗ ನಮ್ಮೂರಿಗೆ ಲಸಿಕೆ ಹಾಕೋಕೆ ಬರೋರಿದ್ದರು. ಮೂರು ದಿನ ಟೈಮ್ ಇತ್ತು. ಈ ಸಲ ಕಟ್ಟೆಗೆ ಹೋಗಿ ಹೇಳಿ ಸುಮ್ಮನಾಗಲಿಲ್ಲ. ಹತ್ತು ಮನೆಗೆ ಹೋಗಿ ಆ ಪ್ರಶ್ನೆ ಕೇಳಿದೆ. ಹೆಸರು ಬಂದಿದ್ದು ನಾನು ಅಂದ್ಕೊಂಡವರದ್ದಲ್ಲ. ಹಾಲಿನ ಡೇರಿಯಲ್ಲಿ ಹಾಲು ಅಳೆಯುವ ಅಕ್ಕನ ಹೆಸರು ಏಳು ಸಲ ಬಂತು. ಬೆಳಗ್ಗೆ ಸಂಜೆ ಎರಡು ಹೊತ್ತೂ ಎಲ್ಲ ಬೀದಿಯವರು ಅವರ ಮುಂದೆ ನಿಲ್ಲಲೇಬೇಕಲ್ಲ! ಆಮೇಲೆ ಹಿಟ್ಟಿನ ಗಿರಣಿ ಅಣ್ಣ. ಮೂರನೆಯವನು ಟ್ರ್ಯಾಕ್ಟರ್ ಬಾಡಿಗೆಗೆ ಹೊಡೆಯುವ ಹುಡುಗ.

ಮೂವರಿಗೂ ಹೇಳಿದೆ. ಅಕ್ಕ ಅಂದಿದ್ದು ಒಂದೇ ಮಾತು: "ಇಷ್ಟೇ ತಾನೆ? ನಾಳೆ ಹಾಲಿನ ಹೊತ್ತಿಗೆ ಮುಗೀತು ಬಿಡಪ್ಪ." ಲಸಿಕೆ ದಿನ ಶಾಲೆ ಮೈದಾನದಲ್ಲಿ ದನ ನಿಲ್ಲಿಸೋಕೆ ಜಾಗ ಇರಲಿಲ್ಲ. ಇದನ್ನ ಪ್ರಯೋಗ ಅಂತ ಹೇಳಲ್ಲ. ಒಂದು ಊರು, ಒಂದು ಸಲ. ಆದ್ರೆ ನನಗೆ ನಂಬಿಕೆ ಬಂತು.

ಅವತ್ತು ನಾನು ಖುಷಿಯಾಗಿ ಮಲಗಿದೆ. ಒಂದು ವಾರ ಆದ ಮೇಲೆ ತಾಂಡಾದಿಂದ ಒಬ್ಬ ಹುಡುಗ ಸಿಕ್ಕಿದ. ಅವನ ಹಸುವಿಗೆ ಮೈತುಂಬ ಗಂಟು.

"ಲಸಿಕೆ ಹಾಕ್ಸಿರಲಿಲ್ವಾ ತಮ್ಮಾ?" ಅಂದೆ.

"ನಮಗ್ಯಾರು ಹೇಳಿದ್ರು ಅಣ್ಣಾ?" ಅಂದ.

ಉತ್ತರ ಇರಲಿಲ್ಲ ನನ್ನ ಹತ್ತಿರ. ತಾಂಡಾ ಊರಿಂದ ಒಂದೂವರೆ ಕಿಲೋಮೀಟರ್. ಅವರು ನಮ್ಮ ಡೇರಿಗೆ ಹಾಲು ಹಾಕಲ್ಲ. ನಾನು ಪ್ರಶ್ನೆ ಕೇಳಿದ ಹತ್ತೂ ಮನೆ ಊರೊಳಗಿನವು. ನನ್ನ ಚುಕ್ಕಿಗಳಲ್ಲಿ ತಾಂಡಾ ಇರಲೇ ಇಲ್ಲ. 2018ರಲ್ಲಿ ಕಟ್ಟೆಯವರು ನನಗೆ ಮಾಡಿದ್ದನ್ನೇ ನಾನು ಅವನಿಗೆ ಮಾಡಿದ್ದೆ. ಆಮೇಲೆ ಲಸಿಕೆಯವರನ್ನ ಮತ್ತೆ ಕರೆಸಿದೆವು. ಆ ಹಸು ಉಳೀತು, ಆದ್ರೆ ಹಾಲು ಮೊದಲಿನಷ್ಟು ಬರಲಿಲ್ಲ.

ನಮ್ಮ ಹಳ್ಳಿಗಳಲ್ಲಿ ಗೆರೆಗಳು ಒಂದೊಂದು ಕೇರಿಯೊಳಗೆ ದಟ್ಟ, ಕೇರಿ ಕೇರಿ ನಡುವೆ ತೆಳು. ಆ 75 ಹಳ್ಳಿಗಳ ನಕ್ಷೆಯಲ್ಲೂ ಜಾತಿ ಗುಂಪುಗಳ ನಡುವೆ ಗೆರೆ ಕಮ್ಮಿ ಇರೋದು ಕಾಣುತ್ತೆ. ಯಂತ್ರ ಇರೋ ಗೆರೆಯನ್ನ ಮಾತ್ರ ನೋಡುತ್ತೆ. ಬರೆಯದೇ ಬಿಟ್ಟ ಚುಕ್ಕಿಯನ್ನ ಅದು ಹುಡುಕಿ ಕೊಡಲ್ಲ, ಅದನ್ನ ನಾವೇ ಸೇರಿಸಬೇಕು.

ನೀವು ಮಾಡೋದು ಹೇಗೆ?

1. ಊರಿನ ಕೇರಿ, ಬೀದಿ, ತಾಂಡಾ, ತೋಟದ ಮನೆ ಎಲ್ಲವನ್ನೂ ಮೊದಲು ಪಟ್ಟಿ ಮಾಡಿ. ಒಂದನ್ನೂ ಬಿಡಬೇಡಿ. ನಾನು ತಪ್ಪಿದ್ದು ಇಲ್ಲೇ.

2. ಪ್ರತಿ ಕಡೆ ಮೂರು ನಾಲ್ಕು ಮನೆಯಲ್ಲಿ ಒಂದೇ ಪ್ರಶ್ನೆ ಕೇಳಿ: "ಊರಿಗೆಲ್ಲ ಸುದ್ದಿ ಮುಟ್ಟಿಸಬೇಕು ಅಂದ್ರೆ ಯಾರಿಗೆ ಹೇಳಬೇಕು?" ಮನೆಯ ಹೆಣ್ಣುಮಕ್ಕಳನ್ನೂ ಕೇಳಿ, ಅವರು ಹೇಳುವ ಹೆಸರು ಬೇರೆಯೇ ಇರಬಹುದು.

3. ಹೆಚ್ಚು ಸಲ ಬಂದ ಹೆಸರುಗಳನ್ನ ಬರೆದಿಟ್ಟುಕೊಳ್ಳಿ. ಪ್ರತಿ ಕೇರಿಯಿಂದ ಒಬ್ಬರಾದರೂ ಪಟ್ಟಿಯಲ್ಲಿ ಇರಲೇಬೇಕು.

4. ಎರಡು ಕೇರಿಗೂ ಓಡಾಡುವವರು ಯಾರು ಅಂತ ಗುರುತು ಮಾಡಿ. ಆಶಾ ಕಾರ್ಯಕರ್ತೆ, ಟ್ರ್ಯಾಕ್ಟರ್ ಡ್ರೈವರ್, ಕುರಿ ವ್ಯಾಪಾರದವರು ಇಂಥವರು. ಅವರೇ ಸೇತುವೆ.

5. ಹುಳು, ರೋಗ, ಶಿಬಿರದ ಸುದ್ದಿ ಆದ್ರೆ ಈ ಪಟ್ಟಿಯವರಿಗೆ ಫೋನ್ ಮಾಡಿ. ಹೊಸ ಪದ್ಧತಿ ಆದ್ರೆ ಒಂದೇ ಬೀದಿಯ ಇಬ್ಬರ ಹೊಲದಲ್ಲಿ ಮಾಡಿ ತೋರಿಸಿ.

6. ವಾಟ್ಸಾಪ್ ಗ್ರೂಪಿಗೆ ಹಾಕಿದರೆ ಆಯ್ತು ಅಂದ್ಕೋಬೇಡಿ. ಗ್ರೂಪಿನಲ್ಲಿ ಇಲ್ಲದವರು ಯಾರು ಅಂತ ಒಮ್ಮೆ ನೋಡಿ.

ಕೊನೆಗೆ ಒಂದು ಎಚ್ಚರಿಕೆ

ಈ ಜಾಲದಲ್ಲಿ ಒಳ್ಳೇದು ಓಡುವಷ್ಟೇ ಜೋರಾಗಿ ಸುಳ್ಳೂ ಓಡುತ್ತೆ. ತುಂಬ ಸಲ ಫಾರ್ವರ್ಡ್ ಆದ ಮೆಸೇಜಿಗೆ ವಾಟ್ಸಾಪ್ ಎರಡು ಬಾಣದ ಗುರುತು ಹಾಕುತ್ತೆ. 2020ರಿಂದ ಅಂಥದ್ದನ್ನ ಒಂದು ಸಲಕ್ಕೆ ಒಬ್ಬರಿಗೆ ಅಥವಾ ಒಂದೇ ಗ್ರೂಪಿಗೆ ಕಳಿಸೋಕೆ ಆಗೋದು. ಆ ಗುರುತಿನ ಜೊತೆ ಔಷಧಿ ಪ್ರಮಾಣ ಬಂದ್ರೆ, ಕೃಷಿ ವಿಜ್ಞಾನ ಕೇಂದ್ರಕ್ಕೋ ರೈತ ಸಂಪರ್ಕ ಕೇಂದ್ರಕ್ಕೋ ಒಂದು ಫೋನ್ ಮಾಡಿ ಕೇಳಿ, ಆಮೇಲೆ ಟ್ಯಾಂಕಿಗೆ ಹಾಕಿ.

ಇನ್ನೊಂದು, ನಿಮ್ಮ ಫೋನಿನ ಕಾಂಟ್ಯಾಕ್ಟ್ ಪಟ್ಟಿ ಅಂದ್ರೆ ನಿಮ್ಮ ಚುಕ್ಕಿಯಿಂದ ಹೊರಡುವ ಅಷ್ಟೂ ಗೆರೆಗಳು. ತಕ್ಷಣ ಸಾಲ ಕೊಡ್ತೀವಿ ಅನ್ನೋ ಕೆಲವು ಆ್ಯಪ್‌ಗಳು ಅದನ್ನ ಎತ್ಕೊಂಡು, ಕಂತು ತಡವಾದರೆ ನೆಂಟರಿಗೆ, ಗೆಳೆಯರಿಗೆ ಫೋನ್ ಮಾಡಿ ಮಾನ ಕಳೆದಿವೆ. ಸಾಲದ ಆ್ಯಪ್‌ಗಳು ಕಾಂಟ್ಯಾಕ್ಟ್ ಪಟ್ಟಿ, ಕರೆ ವಿವರ ಮುಟ್ಟಬಾರದು ಅಂತ ರಿಸರ್ವ್ ಬ್ಯಾಂಕ್ 2022ರಲ್ಲೇ ನಿಯಮ ಮಾಡಿದೆ. ಅನುಮತಿ ಕೇಳಿದರೆ ಕೊಡಬೇಡಿ. ಆಗಲೇ ಕೊಟ್ಟಿದ್ದರೆ ಸೆಟ್ಟಿಂಗ್ಸ್‌ಗೆ ಹೋಗಿ, ಆ್ಯಪ್ ಹೆಸರು ಒತ್ತಿ, ಪರ್ಮಿಷನ್‌ನಲ್ಲಿ ಕಾಂಟ್ಯಾಕ್ಟ್ಸ್ ತೆಗೆದುಹಾಕಿ.

ನನ್ನ ಪಟ್ಟಿಯಲ್ಲಿ ಈಗ ಹನ್ನೊಂದು ಹೆಸರಿವೆ. ಮೊದಲನೇದು ಡೇರಿ ಅಕ್ಕನದು, ಎರಡನೇದು ತಾಂಡಾದ ಆ ಹುಡುಗನದು. ದೊಡ್ಡಪ್ಪನ ಹೆಸರೂ ಇದೆ, ಕಟ್ಟೆಗೂ ಒಬ್ಬರು ಬೇಕಲ್ಲ. ಈ ವಾರ ಬಿಡುವು ಮಾಡ್ಕೊಂಡು ನಿಮ್ಮೂರಲ್ಲೂ ಹತ್ತು ಮನೆಗೆ ಹೋಗಿ ಆ ಪ್ರಶ್ನೆ ಕೇಳಿ. ಆದ್ರೆ ಮೊದಲನೇ ಮನೆ ಊರ ಹೊರಗಿನದ್ದಾಗಿರಲಿ.